ಸುಣ್ಣದ ಮಡಕೆ

ಚಾಂಪಿಯನ್ ರೀಫ್ಸ್‌ನಲ್ಲಿ ನಾನು ಪಾಠ ಹೇಳುವ ಶಾಲೆಗೆ ಮೊನ್ನೆ ಸುಣ್ಣ ಬಳಿದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಗಾರಪೇಟೆ ಪಕ್ಕದ ಹಳ್ಳಿಯ ನಮ್ಮ ಅಜ್ಜಿಯ ಅಂಗಳದಲ್ಲಿ ನಿಂತಿದ್ದೆ. ಈಗ ಆ ಮನೆಯೂ ಇಲ್ಲ, ಕೆರೆ ಏರಿಯ ಈಚಲ ಮರಗಳೂ ಇಲ್ಲ. ಸೈಟಿನ ಕಲ್ಲು ನೆಟ್ಟಿದ್ದಾರೆ. ನೆಡಲಿ. ಆ ಮರಗಳ ರುಚಿ ನನ್ನ ನಾಲಿಗೆಯ ಮೇಲಿದೆ, ಅಲ್ಲಿ ಯಾರೂ ಕಲ್ಲು ನೆಡಲಾರರು. ದಿನಾ ಸಂಜೆ ಅಜ್ಜಿ ಮಡಕೆಯ ಒಳಮೈಗೆ ಬೆರಳಿನಿಂದ ಸುಣ್ಣ ಸವರಿಡುತ್ತಿದ್ದಳು, ತಾತ ಅದನ್ನು ಮರಕ್ಕೆ ಕಟ್ಟಿ ಬರುತ್ತಿದ್ದ. ಸುಣ್ಣವಿದ್ದರೆ ಇಳಿದ ರಸ ಸಿಹಿಯಾಗಿಯೇ ಉಳಿದು ನೀರಾ ಆಗುತ್ತದೆ, ಇಲ್ಲದಿದ್ದರೆ ಹುಳಿತು ಹೆಂಡ. ಬಿಸಿಲೇರುವ ಮೊದಲು ಒಂದು ಲೋಟ ತಣ್ಣನೆಯ ನೀರಾ ಕುಡಿದರೆ ಬೆಲ್ಲದ ಸಿಹಿಯ ಹಿಂದೆಯೇ ಸುಣ್ಣದ ಸಣ್ಣ ಒಗರು ಗಂಟಲಿಗಿಳಿಯುತ್ತಿತ್ತು. ಮೂಳೆಗೆ ಬಲ, ರಕ್ತಕ್ಕೆ ಒಳ್ಳೆಯದು ಎನ್ನುತ್ತಿದ್ದಳು ಅಜ್ಜಿ.

ಚಿನ್ನದ ಗಣಿ ಕಡೆಯ ಕೋರಮಂಡಲ್‌ನಿಂದ ರೈಲಿನಲ್ಲಿ ಬರುತ್ತಿದ್ದ ನಮ್ಮ ಟೀಚರ್ ಬಾಣಂತನ ಮುಗಿಸಿ ಬಂದಾಗ ಬಿಳಿಚಿಕೊಂಡಿದ್ದರು. ಅವರಿಗೊಂದು ಡಬ್ಬಿ ನೀರಾ ತಗೊಂಡು ಹೋಗೆಂದು ಅಜ್ಜಿಯೇ ಹೇಳಿದಳು. ಟೀಚರಿಗೆ ಹೋಗುವುದು ಚೊಕ್ಕಟವಾಗಿರಲಿ ಎಂದು ಹಿಂದಿನ ಸಂಜೆ ನಾನು, ಅಜ್ಜಿ ಸುಣ್ಣ ಸವರಿಟ್ಟಿದ್ದ ಮಡಕೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದುಬಿಟ್ಟೆ. ತಾತ ಒಳಗೆ ನೋಡದೆ ಕಟ್ಟಿ ಬಂದ. ಬೆಳಿಗ್ಗೆ ನಾನೇ ಸೋಸಿ ತುಂಬಿ ಒಯ್ದೆ. ಟೀಚರ್ ಮುಚ್ಚಳ ತೆಗೆದರೆ ನೊರೆ ಉಕ್ಕಿ ಹಾಜರಿ ಪುಸ್ತಕದ ಮೇಲೆ ಹರಿಯಿತು, ಕ್ಲಾಸೆಲ್ಲ ಹೆಂಡದ ನಾತ. ಅಜ್ಜಿ ಬಾಣಂತಿಗೆ ಹೆಂಡ ಕಳಿಸಿದ್ದಾಳೆ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಗುಲ್ಲು. ನಾನು ಅಳುತ್ತಾ ಅಜ್ಜಿಗೆ ನಿಜ ಹೇಳಿದೆ. "ತೊಳ್ದಿದ್ದು ನೀನಂತ ಯಾರ್ಗೂ ಏಳ್ಬೇಡ ಕಣವ್ವ, ನೀನು ಓದೋಳು," ಎಂದವಳೇ ಸೆರಗು ಸಿಕ್ಕಿಸಿ ನೇರ ಶಾಲೆಗೆ ನಡೆದಳು. ಎಲ್ಲರೆದುರು ತಲೆ ಎತ್ತಿ ನಿಂತು, "ತಪ್ಪು ನನ್ ಕೈದು ಟೀಚರಮ್ಮ, ಮರದ್ದಲ್ಲ," ಎಂದಳು. ಸಾಯುವವರೆಗೂ ಊರು ಅವಳನ್ನು ಹೆಂಡದಜ್ಜಿ ಎಂದೇ ಕರೆಯಿತು. ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಈಗ ಅದೇ ನೀರಾ ಬಾಟಲಿಯಲ್ಲಿ ಕೂತು ಅಂಗಡಿಗೆ ಬಂದಿದೆ, ಮೈಮೇಲೆ ಪೊಟ್ಯಾಸಿಯಂ, ಕಬ್ಬಿಣ, ಕ್ಯಾಲ್ಸಿಯಂ ಎಂದು ಅಚ್ಚು ಹಾಕಿಸಿಕೊಂಡು. ಓದಿದವರು ಕೊಟ್ಟರೆ ಪೌಷ್ಟಿಕ ಪಾನೀಯ, ನಮ್ಮಜ್ಜಿ ಕೊಟ್ಟರೆ ಹೆಂಡವೇ? ಉಳಿದದ್ದು ಮರದ್ದಿರಬಹುದು, ನಾನು ಕುಡಿದ ಲೋಟದ ಕ್ಯಾಲ್ಸಿಯಂ ಬಹುಪಾಲು ಅವಳ ಬೆರಳಿನದು. ಸುಣ್ಣ ಬಳಿದ ದಿನ ಏಳನೇ ತರಗತಿಗೆ ಖನಿಜಾಂಶಗಳ ಪಾಠವಿತ್ತು. ಬಳಿಯುವವರಿಂದ ಒಂದಿಷ್ಟು ಸುಣ್ಣ ಇಸಿದುಕೊಂಡು, ಹಳೇ ಮಡಕೆಯೊಂದರ ಒಳಗೆ ಬೆರಳಿನಿಂದ ಸವರಿ ತೋರಿಸಿದೆ. ಬೋರ್ಡಿನ ಮೇಲೆ ದೊಡ್ಡದಾಗಿ ಅಜ್ಜಿಯ ಹೆಸರು ಬರೆದೆ, ಮುನಿಯಮ್ಮ. ಕತೆಯನ್ನೂ ಹೇಳಿದೆ. ಆದರೆ ಯಾರೋ ಮಡಕೆ ತೊಳೆದುಬಿಟ್ಟರು ಎಂದಷ್ಟೇ ಹೇಳಿ ಅಲ್ಲಿ ಮೆಲ್ಲಗೆ ದಾಟಿಕೊಂಡೆ. ಮುಂದಿನ ಬೆಂಚಿನ ಹುಡುಗಿ ಬಿಡಲಿಲ್ಲ.

"ತೊಳ್ದಿದ್ದು ಯಾರು ಮಿಸ್?"

ಸುಣ್ಣ ಮೆತ್ತಿದ್ದ ಕೈಯನ್ನು ಇಡೀ ತರಗತಿಗೆ ಕಾಣುವಂತೆ ಮೇಲೆತ್ತಿದೆ.