ಕಲ್ಕತ್ತದಿಂದ ರಂಗೂನಿಗೆ ಅವ್ವ ಹಾಕಿದ ಲೆಕ್ಕ

ಯುದ್ಧ ಮುಗಿದ ವರ್ಷ ನಾನು ಜಗಳೂರಿನ ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಣ್ಣ ಮಿಲಿಟರಿ ಸೇರಿ ಕಲ್ಕತ್ತದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಒಂದು ಶುಕ್ರವಾರ ಅವನ ಕಾಗದ ಬಂತು. ಸೋಮವಾರ ಬೆಳಿಗ್ಗೆ ತನ್ನನ್ನು ವಿಮಾನದಲ್ಲಿ ರಂಗೂನಿಗೆ ಕಳಿಸುತ್ತಾರೆ, ಅದು ಗಂಟೆಗೆ ನೂರ ಅರವತ್ತು ಮೈಲಿ ಹಾರುತ್ತದೆ, ಹೆದರಬೇಡಿ ಎಂದು ಬರೆದಿದ್ದ.

ಅವ್ವ ಕಂಬಳಿ ನೇಯುತ್ತಿದ್ದಳು. ಓದು ಬರಹ ಬಾರದು. ನಾನು ಓದಿ ಮುಗಿಸಿದ ಮೇಲೆ, "ಹಂಗಾರೆ ಎಷ್ಟೊತ್ತು ಮ್ಯಾಲಿರ್ತಾನೆ?" ಎಂದು ಕೇಳಿದಳು. ನನಗೆ ತಿಳಿಯಲಿಲ್ಲ. ಮಗ್ಗದಿಂದೆದ್ದು, ನನ್ನನ್ನು ಕರೆದುಕೊಂಡು ನೇರ ಸ್ಕೂಲಿಗೆ ನಡೆದಳು.

ಹೆಡ್‌ಮೇಷ್ಟ್ರು ಕಾಗದ ನೋಡಿ, ಏಷ್ಯಾದ ಭೂಪಟ ಬಿಡಿಸಿ ಮೇಜಿನ ಮೇಲೆ ಹಾಸಿದರು. ಕಲ್ಕತ್ತದಿಂದ ಚಿತ್ತಗಾಂಗ್, ಅಲ್ಲಿಂದ ಅಕ್ಯಾಬ್, ಹಾಗೇ ಕೆಳಗೆ ರಂಗೂನು ಎಂದು ಬೆರಳಾಡಿಸಿ, "ಸುಮಾರು ಒಂಬೈನೂರು ಮೈಲಿ ಆಗುತ್ತೆ ತಾಯಿ. ಆರು ಗಂಟೆ ಹತ್ರ" ಎಂದರು.

ಅವ್ವ ಭೂಪಟವನ್ನೇ ನೋಡುತ್ತಿದ್ದಳು. "ಈ ನೀಲಿ ಬಣ್ಣದ್ದು ಏನ್ರಿ ಮೇಷ್ಟ್ರೇ?"

"ಸಮುದ್ರ."

"ನೀವು ದಂಡೆ ಹಿಡ್ಕೊಂಡು ಬಂದ್ರಿ. ವಿಮಾನಕ್ಕೆ ನೀರಿನ ಮ್ಯಾಲೆ ನೆಟ್ಟಗೆ ಹೋಗಾಕೆ ಏನು ಅಡ್ಡಿ ಐತ್ರೀ?"

ಮೇಷ್ಟ್ರು ಬಗ್ಗಿ ನೀಲಿಯ ಮೇಲೆ ಬೆರಳೆಳೆದು ನೋಡಿದರು. ಆಮೇಲೆ, "ಏನೂ ಇಲ್ಲ" ಎಂದರು.

"ಹಂಗಾರೆ ನೆಟ್ಟಗೆ ಅಳೀಬೇಕು, ಒಂದು ದಾರ ಬೇಕು" ಎಂದಳು ಅವ್ವ. ನಾನು ಅವಳ ಸೆರಗಿಗೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ತೆಗೆದು ಕೊಡಹೋದೆ. "ಉಣ್ಣೆ ಬ್ಯಾಡ, ಎಳೆದ್ರೆ ಹಿಗ್ಗುತೈತೆ. ಹತ್ತಿ ದಾರ ಕೊಡ್ರಿ" ಎಂದಳು. ಮೇಷ್ಟ್ರು ಹಳೆಯ ಹಾಜರಿ ಪುಸ್ತಕದ ಹೊಲಿಗೆ ಬಿಚ್ಚಿ ದಾರ ಕೊಟ್ಟರು. ಅವ್ವ ಎರಡು ಊರುಗಳ ಮೇಲೂ ಹೆಬ್ಬೆರಳೂರಿ ದಾರ ಬಿಗಿಮಾಡಿ, ಅದನ್ನೇ ಮೇಷ್ಟ್ರು ತೋರಿಸಿದ, ನಕ್ಷೆಯ ಮೂಲೆಯ ಮೈಲಿ ಅಳತೆಪಟ್ಟಿಯ ಮೇಲಿಟ್ಟಳು. ಮೇಷ್ಟ್ರು ಬಗ್ಗಿ ಓದಿದರು: ಆರುನೂರ ನಲವತ್ತು ಮೈಲಿ. ಭಾಗಾಕಾರ ನಾನು ಮಾಡಿದೆ. ನಾಲ್ಕು ಗಂಟೆ.

ಸೋಮವಾರ ಅವ್ವ ಊಟಕ್ಕೂ ಏಳದೆ ನೇಯ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ, "ಎಷ್ಟೇ ತಡವಾಗಿ ಹೊರಟಿದ್ರೂ ಇಷ್ಟೊತ್ತಿಗೆ ಇಳಿದಿರ್ತಾನೆ" ಎಂದು ಎದ್ದು ಕೈ ತೊಳೆದಳು.

ರಂಗೂನಿನ ಕಾಗದ ಮೂರು ವಾರದ ಮೇಲೆ ಬಂತು. ಸುಖವಾಗಿ ತಲುಪಿದ್ದ. ದಾರಿಯ ಬಹುಪಾಲು ಕೆಳಗೆ ಬರೀ ನೀರು ಕಂಡಿತಂತೆ. ನಾಲ್ಕು ಗಂಟೆ ಹತ್ತು ನಿಮಿಷ ಹಿಡಿಯಿತಂತೆ. ಮೇಷ್ಟ್ರು ಆ ಕಾಗದವನ್ನು ನಮ್ಮ ಕ್ಲಾಸಿನಲ್ಲಿ ಓದಿದರು. "ನಾನು ಆರು ಗಂಟೆ ಅಂದಿದ್ದೆ, ನನ್ನ ಲೆಕ್ಕ ತಪ್ಪಿತ್ತು" ಎಂದು ಎಲ್ಲರೆದುರು ಹೇಳಿ, ಮರುದಿನ ಅವ್ವನನ್ನೇ ಕರೆಸಿದರು.

ಕೂರಲು ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಮಗ ಹಾರಿಹೋದ ದಾರಿಯನ್ನು ಭೂಪಟದ ಕಡಲ ಮೇಲೆ ದಾರದಿಂದ ನೆಟ್ಟಗೆ ಎಳೆದು ನಲವತ್ತು ಮಕ್ಕಳಿಗೆ ತೋರಿಸಿದಳು. ಪಕ್ಕದ ಹುಡುಗಿಗೆ ನಾನು, "ನಮ್ಮವ್ವ" ಎಂದೆ. ಅವಳಿಗೆ ಅದು ಗೊತ್ತೇ ಇತ್ತು. ಆದರೂ ಇನ್ನೊಮ್ಮೆ ಹೇಳಿದೆ.