ಮುದ್ದಕ್ಕನ ಜರಡಿಗೆ ಸಿಕ್ಕ ಕಾಡುಬೆಕ್ಕು

ಬಬ್ಬೂರಿನಾಚೆಯ ಬಯಲಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸಾವಿರಾರು ವರ್ಷದ ಹಿಂದಿನ ಊರೊಂದು ಹೂತುಹೋದ ದಿಬ್ಬದ ಪಕ್ಕ ಮುದ್ದಕ್ಕ ಆಗಲೇ ಜರಡಿ ಆಡಿಸುತ್ತಿದ್ದಾರೆ. ಉತ್ಖನನದ ಗುಂಡಿಯಿಂದ ಬಂದ ಮಣ್ಣು ಉದುರಿಹೋಗುತ್ತದೆ. ಹಲ್ಲು, ದವಡೆ, ಮೂಳೆಚೂರು ಉಳಿಯುತ್ತವೆ. ಬೆರಳಲ್ಲಿ ಸವರಿಯೇ ಕುರಿಯದು ಯಾವುದು, ಎತ್ತಿನದು ಯಾವುದು, ನರಿಯದು ಯಾವುದು ಎಂದು ಬೇರೆ ಇಡುತ್ತಾರೆ. ದಿನಕ್ಕೆ ನಲವತ್ತು ಬಾಂಡ್ಲಿ ಮಣ್ಣು, ಹನ್ನೊಂದು ವರ್ಷದಿಂದ.

ಮುದ್ದಕ್ಕ ಮತ್ತೋಡು ಕಡೆಯ ಕುರಿಗಾರರ ಮಗಳು. ಶಾಲೆ ಎರಡನೇ ಕ್ಲಾಸಿಗೇ ಮುಗಿಯಿತು. ಎಳೆಮರಿ ಹೊತ್ತೊಯ್ಯುವ ಕಾಡುಬೆಕ್ಕು ಎಲ್ಲಾದರೂ ಸತ್ತು ಸಿಕ್ಕರೆ ತಂದೆ ಬೀರಪ್ಪ ಅದರ ಮುಂಗಾಲಿನ ಮೂಳೆಗೆ ಕಂಬಳಿ ನೂಲು ಪೋಣಿಸಿ, ಇನ್ನೊಂದು ಬೆಕ್ಕು ಬರದಿರಲಿ ಎಂದು ಮರಿಯ ಕೊರಳಿಗೆ ಕಟ್ಟುತ್ತಿದ್ದರು. ತೂತು ಕೊರೆಯುವ ಕೆಲಸವೇ ಇರಲಿಲ್ಲ.

"ಮೊಣಕೈ ಗಂಟಿನ ಮೇಲೆ ಒಂದು ಪಕ್ಕಕ್ಕೆ ಹುಟ್ಟಿನಿಂದ್ಲೇ ತೂತಿರ್ತೈತೆ. ನಾಯಿಗೆ ಆ ಜಾಗದಾಗೆ ಇರಲ್ಲ, ನರಿಗೂ ಇರಲ್ಲ" ಎನ್ನುತ್ತಾರೆ ಮುದ್ದಕ್ಕ.

ಮೂರು ವರ್ಷದ ಹಿಂದೆ ಅಂಥದೇ ಮೂಳೆ ಜರಡಿಯಲ್ಲಿ ಉಳಿಯಿತು. ಉತ್ಖನನದ ಉಸ್ತುವಾರಿ ಗುರುರಾಜ್ ಒಂದು ಸಲ ತಿರುಗಿಸಿ ನೋಡಿ ಚೀಟಿ ಬರೆದರು: 'ನಾಯಿ. ಮನುಷ್ಯರು ಕೊರೆದ ತೂತು.'

"ಸಾರ್, ಇದು ಕಾಡುಬೆಕ್ಕಿಂದು. ಸರಿಯಾಗಿ ನೋಡ್ರಿ."

"ನೀನು ಜರಡಿ ಹಿಡಿಯಮ್ಮ, ಮೂಳೆ ನೋಡಾಕೆ ಓದಿದೋರು ಇದೀವಿ."

ಜೊತೆಗೆ ಮಣ್ಣು ಹೊರುವ ಯಶೋದಾ ಸುಮ್ಮನಿರಲಿಲ್ಲ. "ಬಿಡಕ್ಕ, ಅವರು ಬರೆದ್ರೆ ಬೆಕ್ಕೂ ಬೊಗಳ್ತೈತೆ!"

ಹೋದ ವರ್ಷ ಮೂಳೆಗಳನ್ನೇ ಓದಿಕೊಂಡ ಚೈತ್ರಾ ಎಂಬ ತಜ್ಞೆ ಬಂದರು. ಮೂಳೆ ಕೈಗೆತ್ತಿಕೊಂಡವರೇ ಕಾಡುಬೆಕ್ಕು ಎಂದರು, ಚೀಟಿ ತಿದ್ದಿ ಎಂದು ಬರೆದುಕೊಟ್ಟೂ ಹೋದರು. ಚೀಟಿ ಇವತ್ತಿಗೂ ಹಾಗೇ ಇದೆ. ಕೇಳಿದರೆ ಮೇಲಿನವರ ಸಹಿ ಬರಬೇಕಂತೆ. ಸಾವಿರಾರು ವರ್ಷ ಮಣ್ಣೊಳಗೆ ಕಾದ ಪ್ರಾಣಿಯ ಮೇಲಿಂದ ಒಂದು ಸುಳ್ಳು ಪದ ಹೊಡೆದುಹಾಕಲು ವರ್ಷ ಸಾಲದೆ? ಓದಿದವರು ಮೂರು ವರ್ಷದ ಹಿಂದೆ ಒಂದು ಗಳಿಗೆ ಈ ಹೆಂಗಸಿನ ಮಾತಿಗೆ ಕಿವಿಗೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಶನಿವಾರ ಮೂಳೆಯ ಪೆಟ್ಟಿಗೆ ದೂರದ ಉಗ್ರಾಣಕ್ಕೆ ಹೊರಡುತ್ತದೆ. ಅಲ್ಲಿ ಬೀಗ ಬಿದ್ದರೆ ಮತ್ತೆ ತೆಗೆಯುವವರು ಯಾವ ಕಾಲಕ್ಕೋ. ಅಲ್ಲಿಯತನಕ ಕಾಡುಬೆಕ್ಕು ನಾಯಿಯೇ.

ಪೆಟ್ಟಿಗೆಗೆ ಹತ್ತಿ ಹಾಸಿ ಮೂಳೆ ಜೋಡಿಸುವ ಕೆಲಸವೂ ಮುದ್ದಕ್ಕನದೇ. ಮನೆಯಿಂದ ತಂದ ಒಂದೆಳೆ ಕಪ್ಪು ಕಂಬಳಿ ನೂಲನ್ನು ಕಾಡುಬೆಕ್ಕಿನ ಮೂಳೆಯ ತೂತಿನಲ್ಲಿ ತೂರಿಸಿ, ಅಪ್ಪ ಹಾಕುತ್ತಿದ್ದ ಗಂಟನ್ನೇ ಹಾಕುತ್ತಾರೆ.

"ನನ್ನ ಹೆಸರು ಬರೀಲಿ ಅಂತ ಕೇಳಿಲ್ಲ ನಾನು. ಅದರ ಹೆಸರು ಬರೀಲಿ ಅಂದೆ. ಚೀಟಿ ಅವರ್ದೇ ಇರ್ಲಿ ಬಿಡ್ರಿ. ಮುಂದೆ ಯಾರಾದ್ರೂ ಪೆಟ್ಟಿಗೆ ತೆಗೆದು, ಈ ದಾರ ಯಾಕೈತೆ ಅಂತ ಬಿಚ್ಚಾಕೆ ಹೋಗ್ತಾರಲ್ಲ, ಆವಾಗ ತೂತು ನೋಡ್ಲೇಬೇಕು."

ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಮತ್ತೆ ಜರಡಿ ಎತ್ತಿಕೊಳ್ಳುತ್ತಾರೆ.