ಜವಾಬು ಮುಂದಿನ ಸಂತೆಗೆ

ಹುಚ್ಚೀರಪ್ಪನನ್ನು ಈಗ ಯಾರಾದರೂ ‘ಜಾನಪದ ಕಲಾವಿದ’ ಎಂದರೆ ನನಗೆ ಸಿಟ್ಟು ಬರುತ್ತದೆ. ಅವನು ಬದುಕಿದ್ದಾಗ ಹಾಗೆ ಕರೆದವರು ಒಬ್ಬರೂ ಇಲ್ಲ. ಬೆಟಗೇರಿಯ ನೇಕಾರ ಅವನು. ವಾರದಲ್ಲಿ ಐದು ದಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ಉಳಿದೆರಡು ದಿನ ಹೆಗಲಿಗೆ ದಪ್ಪು ಹಾಕಿಕೊಂಡು ಸಂತೆಗಳಲ್ಲಿ ಗೀಗೀ ಪದ ಹಾಡುತ್ತಿದ್ದ. ಜನ ಅವನನ್ನು ಕರೆಯುತ್ತಿದ್ದದ್ದು ‘ಜವಾಬು ಕೊಡದ ಹುಚ್ಚೀರಪ್ಪ’ ಎಂದು. ಆ ಹೆಸರನ್ನು ಅವನು ದುಡಿದು ಗಳಿಸಿದ್ದ.

ಅವನ ಜೊತೆ ತುಂತುಣಿ ಮೀಟುತ್ತಿದ್ದವನು ಮಹಬೂಬಸಾಬ. ಹಗಲೆಲ್ಲ ಹತ್ತಿ ಎಕ್ಕಿ ಗಾದಿ ತುಂಬುವ ಪಿಂಜಾರ. ಹತ್ತಿ ಎಕ್ಕುವ ಬಿಲ್ಲು ಮೀಟಿದ ಕೈಗೆ ಒಂದೇ ತಂತಿಯ ತುಂತುಣಿ ಯಾವ ಲೆಕ್ಕ? ಹಿಂದೆ ನಿಂತು ತಾಳ ಹಾಕುತ್ತ ‘ಗೀ ಗೀ’ ಎನ್ನಲು ಸಕ್ರಪ್ಪ ಎಂಬ ದೊಡ್ಡ ಗಂಟಲಿನ ಮನುಷ್ಯ. ಇಷ್ಟೇ ಮೇಳ.

ಅವರ ಮೊದಲ ವರ್ಷದ ಕತೆ ಹೇಳಿದರೆ ನಗಬೇಡಿ. ಗದಗಿನ ಸಂತೆಯಲ್ಲಿ ಒಳ್ಳೆಯ ಜಾಗವೆಲ್ಲ ವ್ಯಾಪಾರಸ್ಥರದು. ಇವರಿಗೆ ಸಿಕ್ಕಿದ್ದು ಎಮ್ಮೆ ಕಟ್ಟುವ ಮೂಲೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ, ಇವರು ಒಂದು ವರ್ಷ ಅದನ್ನು ಖುದ್ದಾಗಿ ಮಾಡಿದರು. ಒಬ್ಬ ದೊಡ್ಡ ವಾಡೆಯವರು, ‘ವರ್ಷದ ಜೋಳ ಕೊಡ್ತೀವಿ, ನಮ್ಮ ವಾಡೇದಾಗ ಮಾತ್ರ ಹಾಡು’ ಎಂದು ಹೇಳಿ ಕಳಿಸಿದರಂತೆ. ಹುಚ್ಚೀರಪ್ಪ ಒಪ್ಪಲಿಲ್ಲ.

“ಒಬ್ಬರ ಜ್ವಾಳ ತಿಂದ್ರ ಒಬ್ಬರ ಮಾತ ಹಾಡಬೇಕಾಗತೈತಿ” ಎಂದ.

“ಈಗ ಯಾರ ಮಾತು ಹಾಡಾಕತ್ತೀ? ಎಮ್ಮೀದೇನು?” ಎಂದ ಮಹಬೂಬಸಾಬ.

ಗೀಗೀ ಪದದ ಪದ್ಧತಿ ಹೀಗೆ: ಹಾಡಿನಲ್ಲೇ ಒಂದು ಸವಾಲು ಕೇಳಬೇಕು, ಹಾಡಿನಲ್ಲೇ ಅದರ ಜವಾಬು ಹೇಳಬೇಕು. ಒಂದು ದಿನ ಹುಚ್ಚೀರಪ್ಪ ಸವಾಲು ಕೇಳಿ ಮುಗಿಸಿದ್ದ.

ಸಾವಿರ ಮಂದಿ ಸಾಲಾಗಿ ಮಲಗ್ಯಾರ
ನಡುವ ಒಬ್ಬಾಂವ ಓಡ್ಯಾಡತಾನ
ಒಬ್ಬರ ನಿದ್ದೀನೂ ಕೆಡಂಗಿಲ್ಲ, ಅಂವ ಯಾರು? ಗೀ ಗೀ

ಅಷ್ಟರಲ್ಲಿ ಟಪ್ಪೆಂದು ತುಂತುಣಿಯ ತಂತಿ ಹರಿಯಿತು. ಬೇರೆ ತಂತಿ ಇರಲಿಲ್ಲ. ಎಮ್ಮೆ ಕೊಳ್ಳಲು ಬಂದು ಸುಮ್ಮನೆ ನಿಂತಿದ್ದ ಏಳೆಂಟು ಜನ, “ಯಾರಂತ ಹೇಳಿ ಹೋಗೋ” ಎಂದು ಗದರಿದರು. ಗಾಬರಿಯಾದ ಹುಚ್ಚೀರಪ್ಪ ದಪ್ಪು ಬಗಲಿಗೆ ಸೇರಿಸಿ, “ಜವಾಬು ಲಕ್ಷ್ಮೇಶ್ವರದ ಸಂತ್ಯಾಗರೀ!” ಎಂದು ಓಡಿಬಿಟ್ಟ.

ಲಕ್ಷ್ಮೇಶ್ವರದ ಸಂತೆಗೆ ಹೋಗಿ ನೋಡಿದರೆ ಆ ಏಳೆಂಟು ಜನರಲ್ಲಿ ಐವರು ಬಂದು ಕೂತಿದ್ದರು. ಒಬ್ಬ ತನ್ನ ಭಾವಮೈದುನನನ್ನೂ ಕರೆತಂದಿದ್ದ. ಮಲಗಿದವರು ಮಗ್ಗದ ಹಾಸಿನ ಎಳೆಗಳು, ನಡುವೆ ಓಡುವವನು ಲಾಳಿ ಎಂದು ಹುಚ್ಚೀರಪ್ಪ ಹಾಡಿದಾಗ ಅವರು ತೊಡೆ ತಟ್ಟಿ ನಕ್ಕರು. ಇವನ ತಲೆಯಲ್ಲಿ ದೀಪ ಹತ್ತಿತು. ಕೂಡಲೇ ಹೊಸ ಸವಾಲು ಕೇಳಿ, ದಪ್ಪು ಕೆಳಗಿಟ್ಟು, “ಜವಾಬು ಶಿರಹಟ್ಟಿ ಸಂತ್ಯಾಗ” ಎಂದ. ಶಿರಹಟ್ಟಿಯಲ್ಲಿ ಕೇಳಿದ್ದಕ್ಕೆ ಮುಂಡರಗಿಯಲ್ಲಿ, ಮುಂಡರಗಿಯಲ್ಲಿ ಕೇಳಿದ್ದಕ್ಕೆ ಮತ್ತೆ ಗದಗಿನಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ನಾಲ್ಕೂ ಊರಿನ ಸಂತೆಗಳಲ್ಲಿ ಅವನಿಗೆಂದೇ ಜಾಗ ಹಸನು ಮಾಡಿ ನೀರು ಚಿಮುಕಿಸುವಂತಾಯಿತು. ಜನ ಜೋಳ, ಮೆಣಸಿನಕಾಯಿ ಮರೆತು ಮನೆಗೆ ಹೋಗುತ್ತಿದ್ದರು, ಸವಾಲು ಮರೆಯುತ್ತಿರಲಿಲ್ಲ.

ಆಗ ಈ ನಾಲ್ಕು ಊರಿಗೆ ಮೂರು ಸರ್ಕಾರ. ಗದಗ, ಮುಂಡರಗಿ ಇಂಗ್ಲಿಷರವು. ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕರದು, ಶಿರಹಟ್ಟಿ ಇನ್ನೊಬ್ಬರದು. ಲಕ್ಷ್ಮೇಶ್ವರದ ದಾರಿಯಲ್ಲಿ ಒಂದು ನಾಕಾ ಇತ್ತು, ಅಲ್ಲೊಬ್ಬ ಸುಂಕದ ಕಾರಕೂನ. ಚಕ್ಕಡಿ ನಿಲ್ಲಿಸಿ ಗಂಟು ಬಿಚ್ಚಿಸಿ ನೋಡುವುದು ಅವನ ಕೆಲಸ. ದಪ್ಪು, ತುಂತುಣಿಗೆ ಏನು ಸುಂಕ ಹಾಕಬೇಕೋ ಅವನಿಗೆ ತಿಳಿಯಲಿಲ್ಲ.

“ನೌಕರಿ ಬಿಟ್ಟು ಸಂತಿಗೆ ಬರಾಕ ನನಗ ಆಗೂದಿಲ್ಲ” ಎಂದ ಕಾರಕೂನ. “ಜವಾಬು ನನ್ನ ಕಿವ್ಯಾಗ ಹೇಳ್ರಿ. ಅದ ನಿಮ್ಮ ಸುಂಕ. ಹೇಳಲಿಲ್ಲಂದ್ರ ಸಂಜೀತನಾ ಇಲ್ಲೇ ಕುಂಡ್ರಿ.”

ಹುಚ್ಚೀರಪ್ಪ ಪ್ರತಿ ಸಲ ಅವನ ಕಿವಿಯಲ್ಲಿ ಜವಾಬು ಉಸುರಿ ದಾಟುತ್ತಿದ್ದ. ಈ ಸುಂಕದ ಸಂಗತಿ ಸಂತೆಗೆಲ್ಲ ಗೊತ್ತಾಗಿ ಜನ ನಕ್ಕಿದ್ದೇ ನಕ್ಕಿದ್ದು.

ಮೂರನೆಯ ವರ್ಷ ಒಂದು ಕೆಟ್ಟ ದಿನ ಬಂತು. ಮುಂಡರಗಿಯ ಸಂತೆಯಲ್ಲಿ ಹುಚ್ಚೀರಪ್ಪ ಜವಾಬು ಹಾಡಲು ದನಿ ಎತ್ತಿದ್ದಷ್ಟೇ, ಗುಂಪಿನಲ್ಲಿ ಅರ್ಧ ಜನ ತಾವೇ ಕೂಗಿ ಹೇಳಿಬಿಟ್ಟರು. “ಯಾರು ಹೇಳಿದ್ರಲೇ?” ಎಂದರೆ, “ನಮ್ಮ ಮನ್ಯಾಗಿನವರು” ಎಂದರು. ಎಲ್ಲರ ಮನೆಯಲ್ಲೂ ಹೆಂಗಸರೇ ಹೇಳಿದ್ದರು. ಹೆಂಗಸರಿಗೆ ಹೇಳಿದವರು ಯಾರು? ಹುಡುಕಿದರೆ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮಹಬೂಬಸಾಬನ ಹೆಂಡತಿ ಸುಗ್ರಾಬಿ ಬಳೆಯ ಬುಟ್ಟಿ ಹೊತ್ತು ಊರೂರು ತಿರುಗುವಾಕೆ. ಗಂಡನಿಂದ ಕೇಳಿದ್ದನ್ನು ಮನೆಮನೆಗೂ ಮುಟ್ಟಿಸಿದ್ದಳು.

ಹುಚ್ಚೀರಪ್ಪ ಅವರ ಮನೆ ಬಾಗಿಲಿಗೆ ಹೋಗಿ ನಿಂತ. “ಏನವಾ ತಂಗಿ, ನನ್ನ ಹೊಟ್ಟಿ ಮ್ಯಾಲ ಹೊಡದ್ಯಲ್ಲ!”

ಸುಗ್ರಾಬಿ ಬುಟ್ಟಿಯಿಂದ ತಲೆ ಎತ್ತಲಿಲ್ಲ. “ಗಂಡಸರಿಗೆ ನಿಮ್ಮ ಸಂತಿ ಐತಿ ಅಣ್ಣಾ. ಹೆಂಗಸರು ಎಲ್ಲಿ ನಿಂತು ಕೇಳಬೇಕು? ಸಂತ್ಯಾಗ ಹಾಡು ಕೇಳಾಕ ನಿಂತ್ರ ಮನ್ಯಾಗ ಸುಮ್ನ ಬಿಡ್ತಾರೇನು? ಬಳಿ ಏರಸೂ ಹೊತ್ತಿನ್ಯಾಗ ಕೈ ನೋಯತಾವು. ನಿನ್ನ ಸವಾಲು ಹೇಳಿದ್ರ ನೋವು ಮರೀತಾರ. ಸವಾಲು ಹೇಳಿ ಜವಾಬು ಹೇಳದ ಬರಾಕ ನಾ ಏನು ನೀನಽ?”

ಮಾತಿನಲ್ಲಿ ನ್ಯಾಯವಿತ್ತು. ಆದರೆ ಸಿಟ್ಟಿನಲ್ಲಿದ್ದ ಗಂಡಸಿಗೆ ನ್ಯಾಯ ಕೇಳಿಸುವುದಿಲ್ಲ, ಇದು ನನ್ನ ಅನುಭವ. ಇನ್ನು ಮೇಲೆ ಜವಾಬನ್ನು ಮಹಬೂಬಸಾಬನಿಗೂ ಹೇಳುವುದಿಲ್ಲ ಎಂದು ಹುಚ್ಚೀರಪ್ಪ ಪಣ ತೊಟ್ಟ.

ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳು ವಿಲೀನವಾದವು. ನಾಕಾದ ಅಡ್ಡಗಂಬ ಕಿತ್ತು ಒಗೆದರು. ಗದಗಿನ ಸಂತೆಯಲ್ಲಿ ಅಂದು ಹಬ್ಬದ ಗದ್ದಲ. ಜನ ಹುಚ್ಚೀರಪ್ಪನನ್ನು ಎತ್ತಿ ಚಕ್ಕಡಿಯ ಮೇಲೆ ನಿಲ್ಲಿಸಿದರು. ಯಾರ ಬಾಯಿಂದಲೂ ಸೋರಿ ಹೋಗದಂಥ ಹೊಸ ಸವಾಲು ಅವನಿಗೆ ಬೇಕಾಗಿತ್ತು. ನಿಂತಲ್ಲೇ ಕಟ್ಟಿ ಹಾಡಿದ.

ಮೂರು ಸರ್ಕಾರದ ನಾಕಾ ದಾಟಿತು
ಒಂದು ಕಾಸು ಸುಂಕ ಕೊಡಲಿಲ್ಲ
ನಾಕೂ ಊರು ಒಂದ ಮಾಡಿತು
ನಾಕಾದವರಿಗೆ ಗೊತ್ತಽ ಆಗಲಿಲ್ಲ
ಅದು ಯಾವುದು ಹೇಳ್ರಿ ಜಾಣರ, ಗೀ ಗೀ

ಜನ ಹುಚ್ಚೆದ್ದು ಕುಣಿದರು. “ಜವಾಬು ಲಕ್ಷ್ಮೇಶ್ವರದಾಗ!” ಎಂದು ದಪ್ಪು ಬಡಿದು ಹುಚ್ಚೀರಪ್ಪ ಕೆಳಗಿಳಿದ. ಇಳಿದ ಮೇಲೆ ನೆನಪಾಯಿತು, ಜವಾಬು ಅವನಿಗೂ ಗೊತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೀಗೀ ಮೇಳಗಳಲ್ಲಿ ಒಂದು ಕಟ್ಟುನಿಟ್ಟಿನ ಕಟ್ಟಳೆ ಇತ್ತು: ಕೇಳಿದವನಿಗೇ ಜವಾಬು ಬಾರದಿದ್ದರೆ, ಜವಾಬು ಹೇಳಿದವರ ಕೈಗೆ ತನ್ನ ದಪ್ಪು ಕೊಟ್ಟು ಹಾಡುವುದನ್ನು ಬಿಡಬೇಕು. ಎಮ್ಮೆಗಳ ಮುಂದೆ ಶುರು ಮಾಡಿ, ಒಬ್ಬೊಬ್ಬರನ್ನೇ ಕೂಡಿಸಿಕೊಂಡು ನಾಲ್ಕು ಊರಿನ ಜನರನ್ನು ಗಳಿಸಿದವನು ಒಂದೇ ಹಾಡಿಗೆ ಎಲ್ಲ ಕಳೆದುಕೊಳ್ಳುವ ಹೊತ್ತು ಬಂದಿತ್ತು. ಆ ವಾರ ಅವನು ನೇಯ್ದ ಸೀರೆಯ ಅಂಚು ಹಾವಿನಂತೆ ಡೊಂಕಾಗಿತ್ತು.

“ನನಗರ ಹೇಳೋ” ಎಂದ ಮಹಬೂಬಸಾಬ.

“ಹೇಳಂಗಿಲ್ಲ. ನಿನ್ನ ಮನಿ ಗ್ವಾಡಿಗೆಲ್ಲ ಬಾಯಿ ಅದಾವು.”

“ಖರೆ ಹೇಳು, ನಿನಗ ಗೊತ್ತೈತೇನು?”

ಹುಚ್ಚೀರಪ್ಪ ಲಾಳಿ ಕೆಳಗಿಟ್ಟು ತಲೆ ತಗ್ಗಿಸಿದ. ಮಹಬೂಬಸಾಬ ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಪಕ್ಕದಲ್ಲಿ ಕೂತು ತಾನೂ ತಲೆ ತಗ್ಗಿಸಿದ.

ಲಕ್ಷ್ಮೇಶ್ವರದಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಹುಚ್ಚೀರಪ್ಪ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಸುತ್ತಿಬಳಸಿ ಹಾಡಿ ನೋಡಿದ. ಗಾಳಿ ಎಂದ. “ಗಾಳಿ ಯಾವ ಊರು ಒಂದು ಮಾಡೇತಿ? ಛಪ್ಪರ ಹಾರಿಸೇತಿ!” ಎಂದರು. ಹೊಳೆ ಎಂದ. “ಮುಂಡರಗಿ ಕಡೀ ಸಿಂಗಟಾಲೂರ ಹೊಳಿ ಗದಗಿನ ಮಾರಿ ಯಾವಾಗ ನೋಡೇತಿ?” ಎಂದರು. ಕೊನೆಗೆ ಎದೆ ಉಬ್ಬಿಸಿ, “ಹಾಡು! ಸುಂಕ ಕೊಡದ ದಾಟಿದ್ದು ನಮ್ಮ ಹಾಡು!” ಎಂದ. ಜನ ಒಪ್ಪುವ ಹಾಗಿದ್ದರು. ಅಷ್ಟರಲ್ಲಿ ಗುಂಪಿನ ನಡುವಿನಿಂದ ಒಬ್ಬ ಎದ್ದು ನಿಂತ. ಅದೇ ನಾಕಾದ ಕಾರಕೂನ. ನಾಕಾ ಹೋದ ಮೇಲೆ ಪುರುಸೊತ್ತಾಗಿ ಜೀವನದಲ್ಲಿ ಮೊದಲ ಸಲ ಸಂತೆಗೆ ಬಂದಿದ್ದ.

“ಸುಳ್ಳ! ಹಾಡು ಸುಂಕ ಕೊಟ್ಟೈತಿ! ಎರಡು ವರ್ಷ ನಾನಽ ಇಸಗೊಂಡೀನಿ!”

ಸಂತೆ ಬಿದ್ದು ಬಿದ್ದು ನಕ್ಕಿತು. ಹುಚ್ಚೀರಪ್ಪ ಮಾತ್ರ ನಗಲಿಲ್ಲ. ದಪ್ಪು ಹೆಗಲಿನಿಂದ ಇಳಿಸಿದ. “ಸೋತೆ. ಜವಾಬು ಯಾರಿಗೆ ಗೊತ್ತೈತಿ, ಬಂದು ತಗೋರಿ” ಎಂದ.

“ನನಗ ಗೊತ್ತೈತಿ.”

ಬುಟ್ಟಿ ತಲೆಯ ಮೇಲೆ ಹೊತ್ತು ಸುಗ್ರಾಬಿ ಅಂಗಡಿ ಸಾಲಿನ ಸಂದಿಯಲ್ಲಿ ನಿಂತಿದ್ದಳು. ಗಂಡಸರೆಲ್ಲ ತಿರುಗಿ ನೋಡಿದರು. ಮಹಬೂಬಸಾಬ ತುಂತುಣಿಯ ಹಿಂದೆ ಮುಖ ಮುಚ್ಚಿಕೊಂಡ.

“ಹಂಗಾರ ಹೇಳವಾ!”

“ಹೇಳ್ತೇನಿ” ಎಂದಳು. “ಆದ್ರ ಇಲ್ಲಿ ಅಲ್ಲ. ಶಿರಹಟ್ಟಿ ಸಂತ್ಯಾಗ ಹೇಳ್ತೇನಿ. ಮುಂದಿನ ಸಾಲು ಹೆಂಗಸರಿಗೆ ಬಿಟ್ಟಿದ್ರ ಹೇಳ್ತೇನಿ, ಇಲ್ಲಂದ್ರ ಇಲ್ಲ.” ಇಷ್ಟು ಹೇಳಿ ಬುಟ್ಟಿಯೊಡನೆ ಹೊರಟೇಹೋದಳು.

ತನ್ನ ಮದ್ದು ತನಗೇ ಕುಡಿಸಿದರೆ ಎಷ್ಟು ಕಹಿ ಎಂದು ಹುಚ್ಚೀರಪ್ಪನಿಗೆ ಆ ವಾರ ತಿಳಿಯಿತು. ದಿನಕ್ಕೆ ನಾಲ್ಕು ಸಲ ಮಹಬೂಬಸಾಬನ ಮನೆಗೆ ಹೋಗಿ, “ಒಂದಕ್ಷರರ ಹೇಳು ತಂಗಿ” ಎಂದು ಗೋಗರೆದ. “ಸಂತಿಗೆ ಬಾ ಅಣ್ಣಾ” ಎಂದಳೇ ಹೊರತು ಬಾಯಿ ಬಿಡಲಿಲ್ಲ.

ಶಿರಹಟ್ಟಿಯ ಸಂತೆಯಲ್ಲಿ ಆ ದಿನ ಮುಂದಿನ ಸಾಲಿನಲ್ಲಿ ಹೆಂಗಸರು ಕೂತರು. ಅತ್ತೆಯರು, ಸೊಸೆಯರು, ಸೆರಗಿನಲ್ಲಿ ಕೂಸು ಕಟ್ಟಿಕೊಂಡವರು. ತಡೆಯಲು ಯಾವ ಗಂಡಸಿಗೂ ಧೈರ್ಯವಾಗಲಿಲ್ಲ, ಏಕೆಂದರೆ ಅವರಿಗೂ ಜವಾಬು ಬೇಕಾಗಿತ್ತು. ಆ ಸಾಲಿನಲ್ಲಿ ನಮ್ಮವ್ವ ಇದ್ದಳು. ಮುಂಡರಗಿಯವಳು, ಶಿರಹಟ್ಟಿಗೆ ಕೊಟ್ಟಿದ್ದರು. ನಾನಿನ್ನೂ ಹುಟ್ಟಿರಲಿಲ್ಲ. ಇದೆಲ್ಲ ಅವಳ ಬಾಯಿಂದ ಕೇಳಿದ್ದು.

ಸುಗ್ರಾಬಿ ಬುಟ್ಟಿ ಇಳಿಸಿ ನಿಂತಳು. ಹಾಡಲಿಲ್ಲ, ಹೇಳಿದಳು.

“ನಾ ಲಕ್ಷ್ಮೇಶ್ವರದಾಕಿ. ಬೆಟಗೇರಿಗೆ ಕೊಟ್ರು. ಚಕ್ಕಡ್ಯಾಗ ಕುಂತು ನಾಕಾ ದಾಟೀನಿ. ಗಂಟು ಬಿಚ್ಚಿ ನೋಡಿದ್ರು, ಬುಟ್ಟಿ ಬಿಚ್ಚಿ ನೋಡಿದ್ರು, ಬೆಲ್ಲದ ಪೆಂಟಿಗೆ ಸುಂಕ ತಗೊಂಡ್ರು. ನನಗ ಯಾರೂ ಸುಂಕ ಹಾಕಲಿಲ್ಲ. ಇಲ್ಲಿ ಕುಂತಾರಲ್ಲ, ಇವರನ್ನ ಕೇಳ್ರಿ. ಮುಂಡರಗಿಯಾಕಿ ಶಿರಹಟ್ಟಿಗೆ, ಶಿರಹಟ್ಟಿಯಾಕಿ ಗದಗಿಗೆ. ಹುಚ್ಚೀರಣ್ಣ ಬರೂಕಿಂತ ಮದ್ಲ ಅಂವನ ಸವಾಲು ನಿಮ್ಮ ಮನಿಗೆ ಹೆಂಗ ಬಂತು? ನಾ ಒಂದೂರಾಗ ಹೇಳಿದ್ದನ್ನ ತವರಿಗೆ ಹೋದಾಕಿ ಇನ್ನೊಂದೂರಿಗೆ ತಂದ್ಲು. ನಾಕೂ ಊರು ಒಂದು ಮಾಡಿದ್ದು ಕೊಟ್ಟ ಮಗಳು.”

ಅಲ್ಲಿದ್ದ ಗಂಡಸರಲ್ಲಿ ಮಗಳನ್ನೋ ತಂಗಿಯನ್ನೋ ಬೇರೆ ಊರಿಗೆ ಕೊಡದವನು ಯಾರಿದ್ದ? ಆ ಕಾರಕೂನ ಕೂಡ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಹುಚ್ಚೀರಪ್ಪ ಎರಡೂ ಕೈಯಲ್ಲಿ ದಪ್ಪು ಹಿಡಿದು ತಂದು ಅವಳ ಮುಂದೆ ಚಾಚಿದ. “ನಾಕು ಊರಿನ ಮಂದೀನ ನಾ ಕೂಡಿಸೀನಿ ಅಂತ ತಿಳಿದಿದ್ದೆ ತಂಗಿ. ಕೂಡಿಸಿದವರು ನೀವು.”

ಸುಗ್ರಾಬಿ ದಪ್ಪನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಒಂದು ಸಲ ಬೆರಳಿನಿಂದ ಬಡಿದಳು. “ಇದು ಇನ್ನ ನನ್ನದು. ನನಗ ಬುಟ್ಟಿ ಹೊರೂದಽ ಸಾಕಾಗೇತಿ, ಹಾಡಾಕ ನೀ ಒಯ್ಯಿ. ಆದ್ರ ಬಾಡಿಗಿ ಕೊಡಬೇಕು.”

“ಏನು ಬಾಡಿಗಿ?”

“ಪ್ರತಿ ಸಂತ್ಯಾಗೂ ಮುಂದಿನ ಸಾಲು.”

ಹುಚ್ಚೀರಪ್ಪ ಸಾಯುವ ತನಕ ಆ ಬಾಡಿಗೆ ತಪ್ಪಿಸಲಿಲ್ಲ. ಯಾರಾದರೂ ದಪ್ಪು ಚೆನ್ನಾಗಿದೆ ಎಂದರೆ, “ನನ್ನದಲ್ಲರೀ, ಸುಗ್ರಾಬೀದು” ಎನ್ನುತ್ತಿದ್ದ. ಹೆಂಗಸರು ಬರತೊಡಗಿದ ಮೇಲೆ ಗುಂಪು ಎರಡರಷ್ಟಾಯಿತು. ಸವಾಲು ಕಟ್ಟಿದ ಕೂಡಲೇ ಮೊದಲು ಬಳೆಯ ಬುಟ್ಟಿಗೆ ಹೇಳಿ ಕಳಿಸುತ್ತಿದ್ದ. ಜವಾಬನ್ನು ಮಾತ್ರ ಸುಗ್ರಾಬಿಯೂ ಗುಟ್ಟಾಗಿ ಇಡಲು ಕಲಿತಳು.

ಐವತ್ತಾರರಲ್ಲಿ ಕರ್ನಾಟಕ ಒಂದಾದಾಗ ನನಗೆ ಏಳು ವರ್ಷ. ಅವ್ವ ನನ್ನ ಕೈ ಹಿಡಿದು ಗದಗಿಗೆ ಕರೆದುಕೊಂಡು ಹೋಗಿದ್ದಳು. ದೊಡ್ಡವರ ಭಾಷಣ ಮುಗಿಯುವುದರಲ್ಲಿ ನನಗೆ ಎರಡು ನಿದ್ದೆಯಾಗಿದ್ದವು. ಆಮೇಲೆ ಹುಚ್ಚೀರಪ್ಪ ನಿಂತು ಅದೇ ಹಳೆಯ ಸವಾಲು ಎತ್ತಿದ. ಮುಂದಿನ ಸಾಲಿನಲ್ಲಿದ್ದ ನಾವೆಲ್ಲ ಗಂಟಲು ಹರಿಯುವ ಹಾಗೆ “ಕೊಟ್ಟ ಮಗಳು!” ಎಂದು ಕೂಗಿದೆವು. ಅವನು ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲ ಎಂಬಂತೆ ತಲೆ ಅಲ್ಲಾಡಿಸಿ ಮತ್ತೊಮ್ಮೆ ಕೂಗಿಸಿದ.

ತಿರುಗಿ ಬರುವಾಗ ನಾನು, “ಅವ್ವಾ, ನಾವು ಇವತ್ತ ಒಂದಾದಿವಂತಲ್ಲ?” ಎಂದು ಕೇಳಿದೆ.

“ನಾವು ಮದ್ಲ ಆಗಿದ್ವಿ” ಎಂದಳು ಅವ್ವ. “ಇವರಿಗೆ ಇವತ್ತ ಗೊತ್ತಾತು.”